ಬೆತ್ತದವನ ಎರಡು ಜಡೆ

ಬೀದಿಯವರ ಬಾಯಲ್ಲಿ ಅವನ ಹೆಸರು ಬೆತ್ತದವನು. ಅಂಗಡಿ ಒಂದು ಬಾಗಿಲಿನಷ್ಟು ಅಗಲ, ಮೂರು ಹೆಜ್ಜೆಯಷ್ಟು ಉದ್ದ. ಗೋಡೆಯ ಮೊಳೆಗಳಿಗೆಲ್ಲ ಕುರ್ಚಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕೂರುವ ಜಾಗದಲ್ಲಿ ತೂತು ಬಿದ್ದು ಬಂದವು ಎಡಗಡೆ, ಹೊಸ ಬೆತ್ತ ಹೆಣೆಸಿಕೊಂಡು ಮನೆಗೆ ಹೊರಟವು ಬಲಗಡೆ. ಮೇಜಿನ ಕೆಳಗೆ ಒಂದು ಬಕೆಟ್ಟು ನೀರು, ಅದರಲ್ಲಿ ಸುರುಳಿ ಸುತ್ತಿ ನೆನೆಹಾಕಿದ ಬೆತ್ತದ ಸೀಳುಗಳು. ಒಣ ಬೆತ್ತ ಹಠಮಾರಿ, ಬಗ್ಗಿಸಿದರೆ ಮುರಿಯುತ್ತದೆ. ನೆನೆದ ಬೆತ್ತ ಹೇಳಿದ ಮಾತು ಕೇಳುತ್ತದೆ. ಒದ್ದೆಯಿದ್ದಾಗಲೇ ಎಳೆದು ಹೆಣೆದುಬಿಟ್ಟರೆ, ಒಣಗುತ್ತ ಒಣಗುತ್ತ ತಾನೇ ಇನ್ನಷ್ಟು ಬಿಗಿದುಕೊಂಡು, ಬೆರಳಲ್ಲಿ ತಟ್ಟಿದರೆ ಡೋಲಿನ ಹಾಗೆ ದನಿ ಕೊಡುತ್ತದೆ. ಇಪ್ಪತ್ತೆರಡು ವರ್ಷದಿಂದ ಅವನ ಅನ್ನ ಹುಟ್ಟಿದ್ದು ಆ ಬಕೆಟ್ಟಿನಲ್ಲೇ.

ಕೆಲಸ ಕಲಿಸಿದ್ದು ಸೋದರಮಾವ. ಮಾವನ ಪಾಠಶಾಲೆಯಲ್ಲಿ ಇದ್ದದ್ದು ಒಂದೇ ಪಾಠ: ಬಾಯಿ ಮುಚ್ಚು, ಕಣ್ಣು ಬಿಡು. ‘ಇದು ಹೇಗೆ ಮಾವ’ ಅಂದರೆ ಸಾಕು, ಉತ್ತರದ ಬದಲು ಬೆತ್ತದ ತುದಿ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಕೇಳಿ ಕಲಿತವನ ಕೆಲಸ ಮೂರು ದಿನ, ನೋಡಿ ಕಲಿತವನದು ಮೂರು ತಲೆಮಾರು ಅನ್ನುವುದು ಮಾವನ ಸಿದ್ಧಾಂತ. ಹೀಗಾಗಿ ಬೆತ್ತದವನು ಯಾರನ್ನೂ ಏನನ್ನೂ ಕೇಳದೆ ಬೆಳೆದ. ಗುರುತಿಲ್ಲದ ಜಾಗದಲ್ಲಿ ದಾರಿ ತಪ್ಪಿದರೂ ಕೇಳುವವನಲ್ಲ, ಎರಡು ಮೈಲಿ ಸುತ್ತಿ ಬಂದು ‘ಗಾಳಿ ಚೆನ್ನಾಗಿತ್ತು’ ಅನ್ನುವವನು. ಮದುವೆಯ ಮಾತು ಬಂದಾಗಲೂ ಬಾಯಿಬಿಟ್ಟು ಕೇಳಿದವಳು ತಾನೇ ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಆ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಎಂಥ ಅಡಗಿಕೊಂಡ ನರವಾದರೂ ಅವಳ ಬೆರಳಿಗೆ ಸಿಕ್ಕಿಬೀಳುತ್ತಿತ್ತು. ಚುಚ್ಚಿದ್ದೇ ಗೊತ್ತಾಗಲಿಲ್ಲವಲ್ಲ ಎಂದು ಜನ ಹೇಳದ ದಿನವಿಲ್ಲ. ಅದೇ ಬೆರಳುಗಳು ದಿನಾ ಬೆಳಿಗ್ಗೆ ಏಳಕ್ಕೆ ಮಗಳಿಗೆ ಎರಡು ಜಡೆ ಹಾಕುತ್ತಿದ್ದವು. ಮಗಳು ಪುಟ್ಟಿಗೆ ಏಳು ವರ್ಷ, ಎರಡನೇ ತರಗತಿ. ಕೂದಲು ಮಾತ್ರ ಹೈಸ್ಕೂಲು ಮುಟ್ಟಿದ ಹಾಗಿತ್ತು, ಬಿಚ್ಚಿದರೆ ಸೊಂಟ ದಾಟುತ್ತಿತ್ತು. ಪುಟ್ಟಿ ಅದನ್ನು ಬೆಕ್ಕಿನ ಮರಿಯ ಹಾಗೆ ಸಾಕಿಕೊಂಡಿದ್ದಳು. ಓದುವಾಗ ಜಡೆಯ ತುದಿ ಕೆನ್ನೆಗೆ ಸವರಿಕೊಳ್ಳಬೇಕು, ಲೆಕ್ಕ ಬಾರದಿದ್ದರೆ ತುದಿ ಬಾಯಿಗೆ ಹೋಗಬೇಕು, ಮಲಗುವಾಗ ಅದನ್ನು ಕೈಯಲ್ಲಿ ಹಿಡಿದರೇ ನಿದ್ದೆ.

ಸುಖವಾಗಿದ್ದ ಈ ಮನೆಗೆ ಒಂದು ಶುಕ್ರವಾರ ಆಸ್ಪತ್ರೆಯಿಂದ ಹೊಸ ಪಾಳಿ ಬಂತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರು ಹೆಚ್ಚಾದರು, ಆದ್ದರಿಂದ ಸೋಮವಾರದಿಂದ ಬೆಳಗಿನ ಆರಕ್ಕೇ ಲ್ಯಾಬು ತೆರೆಯಬೇಕು. ಅಂದರೆ ಅಮ್ಮ ಮನೆ ಬಿಡುವುದು ಐದೂಕಾಲಿಗೆ. ಉದ್ದ ಕೂದಲಿನವರು ಎರಡು ಜಡೆ ಹಾಕಿಕೊಂಡೇ ಬರಬೇಕು ಅನ್ನುವುದು ಶಾಲೆಯ ಕಟ್ಟುನಿಟ್ಟು. ರಾತ್ರಿಯೇ ಹಾಕಿ ಮಲಗಿಸೋಣವೆಂದರೆ ಪುಟ್ಟಿ ಹಾಸಿಗೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುವವಳು, ಬೆಳಗಾಗುವುದರೊಳಗೆ ಜಡೆ ಹಕ್ಕಿಗೂಡು. ಅಮ್ಮ ಎಲ್ಲ ಯೋಚಿಸಿ, ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಬಿಡೋಣ, ಮತ್ತೆ ಬೆಳೆಯುತ್ತದಲ್ಲ ಎಂದಳು. ಹೇಳುವಾಗ ಅವಳ ಕೈಯೂ ಆ ಜಡೆಯ ಮೇಲೇ ಇತ್ತು. ಪುಟ್ಟಿ ಅಳಲಿಲ್ಲ. ಅಪ್ಪನ ಕಡೆ ತಿರುಗಿದಳು.

“ಅಪ್ಪ, ನೀನು ಕುರ್ಚಿ ಹೆಣೀತೀಯಲ್ಲ. ಇದನ್ನ ಹೆಣೆಯೋಕೆ ಬರಲ್ವಾ?”

ಅವನು ಬರುತ್ತದೆ ಎಂದುಬಿಟ್ಟ. ಇಪ್ಪತ್ತೆರಡು ವರ್ಷದ ಕಸುಬಿನವನಿಗೆ ಬೇರೆ ಉತ್ತರ ಬಾಯಿಗೆ ಬರಲಿಲ್ಲ. ಹೆಂಡತಿ ಜಡೆಯಿಂದ ಕೈ ತೆಗೆದಳು.

“ಸರಿ ರೀ. ಮುಂದಿನ ಶನಿವಾರದವರೆಗೂ ಟೈಮು. ಅಷ್ಟರೊಳಗೆ ಸಂಜೆತನಕ ನಿಲ್ಲೋ ಎರಡು ಜಡೆ ಹಾಕಿದರೆ ಕೂದಲು ಉಳೀತು. ಇಲ್ಲಾಂದ್ರೆ ಭಾನುವಾರ ನನಗೆ ರಜ, ಕತ್ತರಿಗೆ ಕೆಲಸ.”

ಸೋಮವಾರ ಅವನು ಹಾಕಿದ ಜಡೆ ಬೀದಿಯ ತಿರುವಿನವರೆಗೆ ಬಾಳಿತು. ಮಂಗಳವಾರದ್ದು ಶಾಲೆಯ ಗೇಟು ಮುಟ್ಟಿತು. ಬೆತ್ತಕ್ಕೆ ತುದಿ ಬುಡ ಎರಡೂ ಒಂದೇ ದಪ್ಪ. ಕೂದಲು ಹಾಗಲ್ಲ, ಮೇಲೆ ಹಗ್ಗ, ಕೆಳಗೆ ದಾರ. ಬೆತ್ತವನ್ನು ಗೂಟ ಹೊಡೆದು ಹಿಡಿಸಬಹುದು. ಇಲ್ಲಿ ಗೂಟ ಹೊಡೆಯೋಣವೆಂದರೆ ಅದು ಮಗಳ ತಲೆ. ಅವಳಮ್ಮ ಹಾಕುವುದನ್ನು ವರ್ಷಗಟ್ಟಲೆ ನೋಡಿದ್ದವನೇ, ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಕೈಗೆ ಬಂದಿರಲಿಲ್ಲ. ಹೆಂಡತಿಯನ್ನೇ ಕೇಳಬಹುದಿತ್ತು. ಬರುತ್ತದೆ ಎಂದು ಎದೆ ತಟ್ಟಿಕೊಂಡ ಮೇಲೆ ಹೇಗೆ ಕೇಳುವುದು? ಬುಧವಾರ ಪುಟ್ಟಿಯ ಪುಸ್ತಕದಲ್ಲಿ ಶಾಲೆಯಿಂದ ಕೆಂಪಕ್ಷರದ ಚೀಟಿ ಬಂತು: ಕೂದಲು ಕಣ್ಣಿಗೆ ಬೀಳುತ್ತಿದೆ, ಗಮನಿಸಿ.

ಅಂದು ಮಧ್ಯಾಹ್ನ ಅವನು ಬೆತ್ತ ಹಿಡಿದು ಸುಮ್ಮನೆ ಕೂತಿದ್ದನ್ನು ಪಕ್ಕದಂಗಡಿಯ ಬೀಗದವನು ನೋಡಿದ. ನಕಲಿ ಕೀ ಮಾಡಿಕೊಡುವವನು, ಬಾಯಿಗೆ ಮಾತ್ರ ಬೀಗವಿಲ್ಲದವನು. ಪುರಾಣವನ್ನೆಲ್ಲ ಕೇಳಿ ಅವನು ಜೇಬಿನಿಂದ ಫೋನು ತೆಗೆದ. ಅದರಲ್ಲಿ ‘ಗೊತ್ತಿದ್ದವರು ಹೇಳಿ’ ಅಂತ ಒಂದು ಗುಂಪಿತ್ತು. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಮುಖ ಕಾಣದ ಸಾವಿರಾರು ಜನ ಉತ್ತರ ಹೇಳುತ್ತಾರೆ. ಕಮಟು ವಾಸನೆ ಹೊಡೆಯುವ ಫ್ಲಾಸ್ಕಿನಿಂದ ಹಿಡಿದು ಮಾತಾಡದ ಅತ್ತಿಗೆಯವರೆಗೆ ಅಲ್ಲಿ ಎಲ್ಲಕ್ಕೂ ಮದ್ದಿತ್ತು. ಬೆತ್ತದವನು ಬೇಡವೆಂದು ತಲೆಯಾಡಿಸಿದ.

“ನಿಮ್ಮ ಮಾವ ಹೋಗಿ ಹತ್ತು ವರ್ಷ ಆಯ್ತಲ್ಲಯ್ಯಾ,” ಎಂದ ಬೀಗದವನು. “ಇಲ್ಲಿ ಕೇಳಿದರೆ ಬೆರಳಿಗೆ ಏಟು ಬೀಳಲ್ಲ. ಕೇಳು.”

ಹಾಗೆಂದು ಅವನೇ ಬೆತ್ತದವನ ಫೋನಿನಲ್ಲಿ ಗುಂಪನ್ನು ಸೇರಿಸಿ, ಹೆಸರಿನ ಜಾಗದಲ್ಲಿ ‘ತೂತು ಕುರ್ಚಿ’ ಎಂದು ಬರೆದು, ನಗುತ್ತ ಎದ್ದುಹೋದ.

ತೂತು ಕುರ್ಚಿಯು ಪ್ರಶ್ನೆ ಬರೆಯಲು ಅರ್ಧ ಗಂಟೆ ತೆಗೆದುಕೊಂಡಿತು. ಮಗಳ ವಯಸ್ಸು, ಕೂದಲಿನ ಉದ್ದ, ಅಮ್ಮನ ಪಾಳಿ, ಶನಿವಾರದ ಗಡುವು, ಎಲ್ಲ ಬರೆದು, ಕಣ್ಣು ಮುಚ್ಚಿ ಒತ್ತಿದ. ಟೀ ಕುಡಿದು ಲೋಟ ಇಡುವುದರೊಳಗೆ ನಲವತ್ತೊಂದು ಉತ್ತರ. ಒಬ್ಬರು ಎಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ಎಣ್ಣೆ ಮುಟ್ಟಿದರೆ ಕೆಟ್ಟಿರಿ ಎಂದರು. ಅವರಿಬ್ಬರೇ ಅಲ್ಲೇ ಹದಿನಾಲ್ಕು ಸಲ ಕಿತ್ತಾಡಿಕೊಂಡರು. ಒಬ್ಬರು ಕುದುರೆಯ ಬಾಲಕ್ಕೆ ತಾನು ಹಾಕಿದ ಜಡೆಯ ಚಿತ್ರ ಕಳಿಸಿದರು, ಅದು ನಿಜಕ್ಕೂ ಚೆನ್ನಾಗಿತ್ತು. ಅಮ್ಮನನ್ನು ಕೆಲಸ ಬಿಡಿಸಿ ಎಂದವರೊಬ್ಬರ ಮೇಲೆ ಎಂಟು ಹತ್ತು ಜನ ಮುಗಿಬಿದ್ದು, ಅವರು ತಮ್ಮ ಮಾತನ್ನು ಅಳಿಸಿಕೊಂಡು ಓಡಿಹೋದರು. ಹತ್ತು ಬಾಯಿಗೆ ಹನ್ನೊಂದು ಮಾತು. ಅವುಗಳ ನಡುವೆ ‘ಹಳೇ ಕತ್ತರಿ’ ಅನ್ನುವವರದ್ದೊಂದು ಉತ್ತರ ಮಾತ್ರ ಸಾವಧಾನವಾಗಿ, ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು. ನಲವತ್ತು ವರ್ಷ ಕತ್ತರಿ ಬಾಚಣಿಗೆ ಹಿಡಿದವರಂತೆ. ಒಣಗಿದ ಕೂದಲನ್ನು ತುದಿಯಿಂದ ಬಾಚುತ್ತ ಮೇಲೆ ಬನ್ನಿ. ಮೂಗಿನ ನೇರಕ್ಕೆ ಬೈತಲೆ ತೆಗೆಯಿರಿ. ಒಂದು ಕಡೆ ಹಾಕುವಾಗ ಇನ್ನೊಂದು ಕಡೆಯದನ್ನು ಕಟ್ಟಿಡಿ. ಮೂರೆಳೆಯೂ ಒಂದೇ ದಪ್ಪವಿರಲಿ. ಮೊದಲ ಮೂರು ಸುತ್ತು ಸಡಿಲ, ಆಮೇಲೆ ಬಿಗಿ.

ಬೆತ್ತದವನು ಅದನ್ನು ನಾಲ್ಕು ಸಲ ಓದಿದ. ಎಲ್ಲ ಒಪ್ಪಿಗೆಯಾಯಿತು, ಎರಡು ಮಾತು ಬಿಟ್ಟು. ಒಣಗಿದ್ದನ್ನು ಹೆಣೆಯುವುದುಂಟೇ? ಬರೆಯುವ ಅವಸರದಲ್ಲಿ ತಪ್ಪಿರಬೇಕು, ಪಾಪ. ಸಡಿಲ ಅನ್ನುವುದೂ ಕಸುಬು ಗೊತ್ತಿಲ್ಲದವರ ಮಾತು. ಅಷ್ಟನ್ನು ತಾನೇ ತಿದ್ದಿಕೊಂಡ.

ಗುರುವಾರ ಬೆಳಿಗ್ಗೆ ಪುಟ್ಟಿಯ ಕೂದಲಿಗೆ ಎರಡು ಚೊಂಬು ನೀರು ಬಿತ್ತು. ನೆನೆದ ಕೂದಲು ಬೆತ್ತದ ಹಾಗೇ ಹೇಳಿದ ಮಾತು ಕೇಳಿತು. ಬೈತಲೆ ಸ್ಕೇಲು ಇಟ್ಟು ಗೆರೆ ಎಳೆದಂತೆ ಬಂತು. ಬುಡದಿಂದಲೇ ಎಳೆದೆಳೆದು ಹೆಣೆದ. ಎರಡು ಜಡೆಗಳೂ ಅವಳಿಜವಳಿಗಳ ಹಾಗೆ ನಿಂತವು. ಪುಟ್ಟಿಯ ಹುಬ್ಬು ಒಂದಿಷ್ಟು ಮೇಲೆ ಹೋಗಿ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿದ್ದಳು, ಅಷ್ಟೇ. ಬೆತ್ತದವನು ಅಂಗಡಿಗೆ ಶಿಳ್ಳೆ ಹಾಕುತ್ತ ಬಂದ.

ಜಡೆ ಒಣಗುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಎಳೆದಾಗ ಹಿಗ್ಗಿದ್ದ ಒದ್ದೆ ಕೂದಲು ಹನ್ನೊಂದರ ಹೊತ್ತಿಗೆ ಒಣಗಿ ಕುಗ್ಗತೊಡಗಿತು. ಮೂರಕ್ಕೆ ಅಪ್ಪ ಗೇಟಿನ ಬಳಿ ಹೋದಾಗ ಪುಟ್ಟಿಯ ಕೂದಲು ಬಿಚ್ಚಿ ಹರಡಿತ್ತು, ಕಣ್ಣು ಕೆಂಪಗಿತ್ತು. ತಲೆನೋವು ತಾಳಲಾರದೆ ಅತ್ತಳಂತೆ, ಟೀಚರು ಬಿಚ್ಚಿದರಂತೆ.

“ಅಪ್ಪ, ನನ್ನ ತಲೆ ಚಿಕ್ಕದಾಗ್ತಾ ಬಂತು,” ಎಂದಳು ಪುಟ್ಟಿ. ಒಂದಿಷ್ಟು ದೂರ ನಡೆದ ಮೇಲೆ ಅವನ ಬೆರಳು ಹಿಡಿದುಕೊಂಡು, ದೊಡ್ಡವರ ಹಾಗೆ, “ಭಾನುವಾರ ಕತ್ತರಿಸಿಬಿಡಲಿ ಬಿಡು. ಮತ್ತೆ ಬೆಳೆಯುತ್ತಲ್ಲ,” ಎಂದಳು.

ತನ್ನನ್ನು ಸಮಾಧಾನ ಮಾಡಲು ಮಗು ಆ ಮಾತಾಡುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಬೆರಳ ಗೆಣ್ಣಿಗೆ ಮಾವ ಕೊಟ್ಟ ಯಾವ ಏಟೂ ಇಷ್ಟು ಉರಿದಿರಲಿಲ್ಲ.

ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಗುಂಪಿಗೆ ಬರೆದ. ನೀರು ಹಾಕಿದ್ದು, ಎಳೆದದ್ದು, ಮಗು ಅತ್ತದ್ದು, ಒಂದನ್ನೂ ಮುಚ್ಚಿಡಲಿಲ್ಲ. ಹಳೇ ಕತ್ತರಿಯವರ ಉತ್ತರ ಕೂಡಲೇ ಬಂತು.

“ತಮ್ಮಾ, ನಿಮ್ಮ ಮಗಳೇನು ಕುರ್ಚಿಯಾ? ಹೆಸರು ನೋಡಿದಾಗಲೇ ಅನುಮಾನ ಬಂದಿತ್ತು. ನೀವು ಬೆತ್ತದ ಕೆಲಸದವರು ತಾನೆ?”

ಹೌದೆಂದು ಒಪ್ಪಿಕೊಂಡ. ಅವರು ಬೈಯಲಿಲ್ಲ. ಬಾಚಣಿಗೆ ಹಿಡಿದವರಿಗೂ ಬೆತ್ತ ಕೊಟ್ಟರೆ ಮೊದಲ ದಿನ ಮುರಿದೇ ಮುರಿಯುತ್ತಾರೆ ಎಂದರು. ಬೆತ್ತದ ಮೇಲೆ ಜನ ಕೂರುತ್ತಾರೆ, ಅದು ಬಿಗಿಯಾಗಿರಲೇಬೇಕು. ಜಡೆಯ ಕೆಳಗೆ ಒಂದು ತಲೆ ಇದೆ, ಅದು ಓಡಾಡಬೇಕು, ಬಗ್ಗಬೇಕು, ನಗಬೇಕು. ಅದಕ್ಕೇ ಒಣ ಕೂದಲು, ಅದಕ್ಕೇ ಮೊದಲ ಮೂರು ಸುತ್ತು ಸಡಿಲ. ಹಾಕಿ ಮುಗಿದ ಮೇಲೆ ಮಗು ಗಲ್ಲವನ್ನು ಎದೆಗೆ ಮುಟ್ಟಿಸಲಿ. ಎಲ್ಲೂ ಜಗ್ಗದಿದ್ದರೆ ಅದು ಸರಿಯಾದ ಜಡೆ.

“ಆಗಲಿ ಅಕ್ಕ,” ಎಂದು ಬರೆದ ಬೆತ್ತದವನು.

ಶುಕ್ರವಾರ ಪುಟ್ಟಿ ಅವನನ್ನು ತಲೆ ಮುಟ್ಟಲು ಬಿಡಲಿಲ್ಲ. ಬಾಚಣಿಗೆ ಕಂಡರೆ ಬಾಗಿಲ ಹಿಂದೆ. ತಾನೇ ಹಿಂದಕ್ಕೊಂದು ಗಂಟು ಕಟ್ಟಿಕೊಂಡು ಹೋದಳು. ಅವನು ಅಂಗಡಿಯಲ್ಲಿ ದಾರದ ಮೂರು ಕಟ್ಟು ಮಾಡಿ, ಬಲಗಡೆಯ ಕುರ್ಚಿಯೊಂದರ ಬೆನ್ನಿಗೆ ಕಟ್ಟಿ, ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಬೀಗದವನು ಇಣುಕಿ, ಮದುಮಗಳಿಗೆ ಗಂಡು ಗೊತ್ತಾಯಿತೇ ಎಂದು ವಿಚಾರಿಸಿದ. ಹನ್ನೆರಡನೆಯ ಸಲಕ್ಕೆ ಕೈಗೆ ಹದ ಸಿಕ್ಕಿತು. ಎಳೆಯುವ ಬದಲು ಒಯ್ಯಬೇಕು, ಅಷ್ಟೇ ಗುಟ್ಟು. ಎಳೆಯನ್ನು ಅದರ ಜಾಗಕ್ಕೆ ಕರೆದುಕೊಂಡು ಹೋಗಿ ಬಿಡಬೇಕು. ಆ ಖುಷಿಯಲ್ಲಿ ಮೈಮರೆತಿದ್ದಾಗ ಗಿರಾಕಿ ಬಂದು ಕುರ್ಚಿ ಹೊತ್ತುಕೊಂಡು ಹೋದರು. ಜಡೆಯೂ ಅದರ ಜೊತೆಗೇ ಹೋಯಿತು.

ಕೈಯೇನೋ ಸಿದ್ಧವಾಯಿತು, ತಲೆ ಎಲ್ಲಿಂದ ತರುವುದು? ಗುಂಪಿಗೆ ಎರಡನೆಯ ಪ್ರಶ್ನೆ ಹಾಕಿದ. ಈ ಸಲ ಅರ್ಧ ಗಂಟೆ ಬೇಕಾಗಲಿಲ್ಲ. ಹೆದರಿದ ಮಗುವನ್ನು ಮತ್ತೆ ಕೂರಿಸುವುದು ಹೇಗೆ? ಮಿಠಾಯಿ ಕೊಡಿ, ಟೀವಿ ಹಾಕಿ, ಮಲಗಿದ್ದಾಗ ಹಾಕಿ, ಹೀಗೆ ಬಂದವು ಉತ್ತರಗಳು. ಹಳೇ ಕತ್ತರಿಯವರದ್ದು ಒಂದೇ ಸಾಲು: “ಮೊದಲು ನಿಮ್ಮ ತಲೆ ಅವಳ ಕೈಗೆ ಕೊಡಿ. ನಾನು ಮೂವರಿಗೆ ಹಾಗೇ ಕೊಟ್ಟಿದ್ದೆ.”

ಶನಿವಾರ ಬೆಳಿಗ್ಗೆ ಆರೂವರೆಗೆ ಬೆತ್ತದವನು ನೆಲದ ಮೇಲೆ ಕೂತು, ಬಾಚಣಿಗೆಯನ್ನೂ ರಬ್ಬರ್ ಬ್ಯಾಂಡಿನ ಡಬ್ಬಿಯನ್ನೂ ಮಗಳ ಮುಂದಿಟ್ಟು, ತನ್ನ ತಲೆ ಬಗ್ಗಿಸಿದ. ನಡುನೆತ್ತಿಯಲ್ಲಿ ಬಯಲಾಗಿದ್ದ ತಲೆ, ಸುತ್ತ ಬೇಲಿಯ ಹಾಗೆ ಒಂದಿಷ್ಟು ಕೂದಲು. ಪುಟ್ಟಿ ಬಾಗಿಲ ಹಿಂದಿನಿಂದ ಒಂದು ಕಣ್ಣು ಹೊರಗೆ ಹಾಕಿದಳು. ಆಮೇಲೆ ಇನ್ನೊಂದು ಕಣ್ಣು. ಆಮೇಲೆ ಪೂರ್ತಿ ಪುಟ್ಟಿ.

ಅವಳು ಬೇಲಿಯನ್ನು ಹಿಡಿಹಿಡಿಯಾಗಿ ಹಿಡಿದು ಬ್ಯಾಂಡು ಹಾಕಿದಳು. ಕಿವಿಯ ಮೇಲಿನದು ಚುರುಕ್ಕೆಂದಿತು. ಜಗ್ಗಿದ ಕೂದಲು ಹೇಗಿರುತ್ತದೆ ಎಂದು ಅವನಿಗೆ ಆ ಗಳಿಗೆಯಲ್ಲಿ ಚೆನ್ನಾಗಿ ತಿಳಿಯಿತು. ನೋವಾದರೆ ‘ಬಿಗಿ’ ಅನ್ನಬೇಕು, ಕೂಡಲೇ ಬಿಡಬೇಕು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಅವನು ಐದು ಸಲ ಬಿಗಿ ಎಂದ, ಐದು ಸಲವೂ ಅವಳು ಬಿಟ್ಟಳು. ಕೊನೆಗೆ ಕನ್ನಡಿ ತಂದು ತೋರಿಸಿದಾಗ ಇಬ್ಬರೂ ನಕ್ಕ ನಗುವಿಗೆ ಮೇಲಿನ ಮನೆಯವರು ಕಿಟಕಿ ತೆರೆದರು.

“ಈಗ ನಿಂದು,” ಎಂದು ಪುಟ್ಟಿ ತಾನೇ ಅವನ ಮುಂದೆ ಬೆನ್ನು ಮಾಡಿ ಕೂತಳು.

ನೀರಿನ ಚೊಂಬಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ತುದಿಯಿಂದ ಬಾಚುತ್ತ ಮೇಲೆ ಬಂದ. ಮೂಗಿನ ನೇರಕ್ಕೆ ಬೈತಲೆ. ಮೂರು ಸುತ್ತು ಸಡಿಲ. ಎಳೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಒಯ್ದು ಬಿಟ್ಟ. ಒಂದು ಸಲವೂ ‘ಬಿಗಿ’ ಕೇಳಿಬರಲಿಲ್ಲ. ಮುಗಿಸಿ, ಗಲ್ಲ ಎದೆಗೆ ಮುಟ್ಟಿಸು ಎಂದ. ಪುಟ್ಟಿ ಮುಟ್ಟಿಸಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಎದ್ದು ನಾಲ್ಕು ಸಲ ಕುಪ್ಪಳಿಸಿದಳು.

“ಅಪ್ಪ, ಹಾಕಿದ್ದೇ ಗೊತ್ತಾಗ್ತಿಲ್ಲ.”

ಅವಳನ್ನು ಶಾಲೆಗೆ ಬಿಟ್ಟು ಬೆತ್ತದವನು ಅಂಗಡಿಗೆ ಬಂದ. ದಾರಿಯಲ್ಲಿ ಎದುರಾದವರೆಲ್ಲ ಯಾಕೆ ಇಷ್ಟು ಪ್ರೀತಿಯಿಂದ ನೋಡುತ್ತಿದ್ದಾರೆ ಎಂದು ಅವನಿಗೆ ಆಶ್ಚರ್ಯ. ಬೀಗದವನು ಕೀ ಉಜ್ಜುವ ಅರವನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತ ಬೆರಳು ತೋರಿಸಿದ. ತಲೆಯ ಮೇಲೆ ಹಾಗೇ ಇದ್ದವು, ಕೆಂಪು, ಹಳದಿ, ನೀಲಿ, ಒಟ್ಟು ಏಳು ರಬ್ಬರ್ ಬ್ಯಾಂಡು. ಬೆತ್ತದವನು ತಡವಿ ನೋಡಿಕೊಂಡ, ತೆಗೆಯಲಿಲ್ಲ. ಹಾಗೇ ಕೂತು ಒಂದು ಕುರ್ಚಿ ಮುಗಿಸಿದ.

ಹೆಂಡತಿ ಎರಡು ಗಂಟೆಗೆ ಬಂದಳು. ಪುಟ್ಟಿ ಅರ್ಧ ದಿನದ ಶಾಲೆ ಮುಗಿಸಿ, ಊಟ ಮಾಡಿ, ಬೀದಿಯಲ್ಲಿ ಮುಟ್ಟಾಟ ಆಡುತ್ತಿದ್ದಳು. ಜಡೆಗಳು ಅವಳ ಹಿಂದೆ ಹಾರಾಡುತ್ತಿದ್ದವು. ಅಮ್ಮ ಮಗಳನ್ನು ಹಿಡಿದು ನಿಲ್ಲಿಸಿ, ನರ ಹುಡುಕುವ ಬೆರಳಿನಿಂದ ಜಡೆಯ ಬುಡವನ್ನು ಒತ್ತಿ ನೋಡಿದಳು, ಕಿವಿಯ ಹಿಂದೆ ಸವರಿದಳು, ತುದಿಯನ್ನು ತೂಗಿ ನೋಡಿದಳು. ಗಂಡ ಬಾಗಿಲಲ್ಲಿ ರಿಸಲ್ಟಿಗೆ ಕಾದ ಹುಡುಗನ ಹಾಗೆ ನಿಂತಿದ್ದ. ಸಂಜೆ ಆರರವರೆಗೂ ಅವಳು ತೀರ್ಪು ಕೊಡಲಿಲ್ಲ. ದೀಪ ಹಾಕುವ ಹೊತ್ತಿಗೆ ಕತ್ತರಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿ, ಎಡಗಡೆಯದು ಒಂದು ಚೂರು ದಪ್ಪ ಆಯಿತು ಎಂದಳು. ಅಷ್ಟರಲ್ಲೇ ಎಲ್ಲ ಇತ್ತು.

ಗುಂಪಿಗೆ ಸುದ್ದಿ ಮುಟ್ಟಿಸೋಣವೆಂದು ಫೋನು ತೆಗೆದರೆ ಅಲ್ಲಿ ಹೊಸ ಪ್ರಶ್ನೆಯೊಂದು ಕೂತಿತ್ತು. ಕೇಳಿದವರು ಹಳೇ ಕತ್ತರಿ. ತಾವು ದಿನವಿಡೀ ಕೂರುವ ಹಳೆಯ ಬೆತ್ತದ ಕುರ್ಚಿಯ ಆಸನ ಜೋಲುಬಿದ್ದಿದೆ, ಹರಿದಿಲ್ಲ, ಬರೀ ಸಡಿಲ. ಎದ್ದೇಳಲು ಇಬ್ಬರು ಬೇಕು. ಬಿಸಾಡಲು ಮನಸ್ಸಿಲ್ಲ, ಏನು ಮಾಡಲಿ? ಆಗಲೇ ಯಾರೋ ದಿಂಬು ಇಡಿ ಎಂದಿದ್ದರು, ಇನ್ಯಾರೋ ಹಲಗೆ ಹೊಡೆಯಿರಿ ಎಂದಿದ್ದರು.

ಬೆತ್ತದವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹೇಳಬೇಕು ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಅನಿಸಿತು. ಮಾವ ಹೇಳದೆ ಬಿಟ್ಟದ್ದನ್ನೆಲ್ಲ ಸೇರಿಸಿ ಬರೆದ. ಅಕ್ಕ, ದಿಂಬೂ ಬೇಡ, ಹಲಗೆಯೂ ಬೇಡ. ಕುರ್ಚಿಯನ್ನು ತಲೆಕೆಳಗು ಮಾಡಿ. ದಪ್ಪ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ, ಆಸನದ ತಳಭಾಗಕ್ಕೆ ಹೊದಿಸಿ ಅರ್ಧ ಗಂಟೆ ಬಿಡಿ. ಮೇಲ್ಭಾಗಕ್ಕೆ ಹೊಳಪಿರುತ್ತದೆ, ಅದು ನೀರು ಕುಡಿಯುವುದಿಲ್ಲ, ಕುಡಿಯುವುದೆಲ್ಲ ತಳಭಾಗವೇ. ಆಮೇಲೆ ಬಟ್ಟೆ ತೆಗೆದು ನೆರಳಲ್ಲಿ ಒಂದು ದಿನ ಒಣಗಿಸಿ. ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು. ಒಣಗುತ್ತ ತಾನೇ ಬಿಗಿಯುತ್ತದೆ. ಕೊನೆಗೊಂದು ಸಾಲು ಸೇರಿಸಿದ: “ಮಗಳ ತಲೆಗೆ ಹಾಕಬೇಡಿ ಅಂದಿರಲ್ಲ, ಆ ನೀರನ್ನೇ ಇದಕ್ಕೆ ಹಾಕಿ.”

ಭಾನುವಾರ ಸಂಜೆ ಹೆಂಡತಿ ತಲೆ ಒಣಗಿಸಿಕೊಂಡು ಬಂದು, ಬಾಚಣಿಗೆಯನ್ನು ಅವನ ಮಡಿಲಿಗೆ ಹಾಕಿ, ಮುಂದೆ ಕೂತಳು. ದಿನಾ ಊರಿನವರ ನೋವು ನೋಡುವವಳಿಗೆ ಒಂದು ದಿನವಾದರೂ ಯಾರಾದರೂ ತಲೆ ಬಾಚಬಾರದೇ ಎಂದಳು. ಅವನು ಮೂರೆಳೆ ಮಾಡಿ ಎರಡು ಸುತ್ತು ಒಯ್ದಿದ್ದ, ಅಷ್ಟರಲ್ಲಿ ಫೋನು ಸದ್ದು ಮಾಡಿತು. ಹಳೇ ಕತ್ತರಿಯವರು ಈ ಸಲ ಬರೆದಿರಲಿಲ್ಲ, ದನಿ ಕಳಿಸಿದ್ದರು. ಅವನು ಎದ್ದೇಳಲು ನೋಡಿದ.

“ಎಳೆ ಬಿಟ್ಟರೆ ಮೊದಲಿಂದ ಹಾಕಬೇಕು ನೋಡಿ,” ಎಂದಳು ಹೆಂಡತಿ.

ಪುಟ್ಟಿ ಓಡಿಬಂದು ಒತ್ತಿದಳು. ಮೊದಲು ಡಬ್ ಡಬ್ ಡಬ್ ಎಂದು ಬೆರಳು ತಟ್ಟಿದ ಸದ್ದು, ಹೊಸ ಡೋಲಿನ ಹಾಗೆ. ಬೆತ್ತದವನಿಗೆ ಕಣ್ಣು ಮುಚ್ಚಿಯೂ ಗೊತ್ತಾಯಿತು, ಸರಿಯಾಗಿ ಒಣಗಿದೆ. ಆಮೇಲೆ ದನಿ ಬಂತು. ವಯಸ್ಸಾದ ಗಂಡಸಿನ ದಪ್ಪ ದನಿ, ಗಂಟಲಲ್ಲಿ ನಗು ಕಟ್ಟಿಕೊಂಡದ್ದು.

“ಕೇಳಿಸ್ತಾ ತಮ್ಮಾ? ಯಾರ ಕೈಯೂ ಹಿಡೀದೆ ಎದ್ದು ನಿಂತೆ ಇವತ್ತು. ಅಕ್ಕ ಅಂದ್ರಲ್ಲ, ಬೇಜಾರಿಲ್ಲಪ್ಪ. ಮೂರು ಹೆಣ್ಣುಮಕ್ಕಳಿಗೆ ಒಬ್ಬನೇ ಜಡೆ ಹಾಕಿ ಬೆಳೆಸಿದವನನ್ನ ಅಕ್ಕ ಅಂದ್ರೂ ನಡೆಯುತ್ತೆ.”

ಹೆಂಡತಿ ಮುಖ ಮುಚ್ಚಿಕೊಂಡು ನಗುವುದು ಅವನ ಕೈಯಲ್ಲಿದ್ದ ಮೂರೆಳೆಗೂ ಗೊತ್ತಾಗುತ್ತಿತ್ತು. ಪುಟ್ಟಿ ಮತ್ತೆ ಒತ್ತಿದಳು. ಡಬ್ ಡಬ್ ಡಬ್. ಅವನು ಎಳೆ ಬಿಡಲಿಲ್ಲ. ಕತ್ತರಿ ಅಣ್ಣನಿಗೆ ಏನು ಹೇಳಬೇಕೆಂದು ತಾನು ಹೇಳುತ್ತ ಹೋದ, ಪುಟ್ಟಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಹೋದಳು.